ಹಿಂದಿನವರು ಕಂಡದ್ದನ್ನು ಹುಡುಕುವ ವಿದ್ಯೆ

ಹಸುಗೂಸನ್ನು ಅಂಗಾತ ಮಲಗಿಸಬೇಕೇ, ಬೋರಲಾಗಿ ಮಲಗಿಸಬೇಕೇ? ಇದೂ ಒಂದು ಪ್ರಶ್ನೆಯೇ ಎಂದು ಮನೆಯ ಹಿರಿಯರು ನಕ್ಕಾರು. ಆದರೆ ಈ ಸಣ್ಣ ಪ್ರಶ್ನೆಗೆ ದೊರೆತ ತಪ್ಪು ಉತ್ತರದಿಂದ ಸಾವಿರಾರು ತೊಟ್ಟಿಲುಗಳು ಬರಿದಾದುವೆಂಬುದು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ದಾಖಲಾಗಿರುವ ಸಂಗತಿ. ಕಳೆದ ಶತಮಾನದ ನಡುಭಾಗದಿಂದ ಹಲವು ದಶಕಗಳ ಕಾಲ ಪಾಶ್ಚಾತ್ಯ ದೇಶಗಳ ಶಿಶುಪಾಲನೆಯ ಪುಸ್ತಕಗಳಲ್ಲಿ, ಮಗುವನ್ನು ಬೋರಲಾಗಿ ಮಲಗಿಸುವುದೇ ಲೇಸೆಂಬ ಉಪದೇಶ ಕಾಣಬರುತ್ತಿತ್ತು. ಅಂಗಾತ ಮಲಗಿದ ಕೂಸು ಕಕ್ಕಿಕೊಂಡರೆ ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟೀತು ಎಂಬುದು ಆ ಉಪದೇಶದ ಹಿಂದಿದ್ದ ತರ್ಕ. ತರ್ಕ ಚೆನ್ನಾಗಿಯೇ ಇತ್ತು; ಆದರೆ ಅದು ನಿಜವಾಗಿರಲಿಲ್ಲ. ಯಾವ ರೋಗಲಕ್ಷಣವೂ ಇಲ್ಲದೆ ನಿದ್ರೆಯಲ್ಲಿಯೇ ಶಿಶುಗಳು ಸಾಯುವ 'ತೊಟ್ಟಿಲ ಮರಣ'ವು ಬೋರಲು ಮಲಗಿದ ಮಕ್ಕಳಲ್ಲಿಯೇ ಹೆಚ್ಚು.

2005ರಲ್ಲಿ ಲಂಡನ್ನಿನ ಕೆಲವರು ಸಂಶೋಧಕರು ಈ ವಿಷಯವಾಗಿ ಅದುವರೆಗೆ ಪ್ರಕಟವಾಗಿದ್ದ ಬರಹಗಳನ್ನೆಲ್ಲ ಕ್ರಮವಾಗಿ ಹುಡುಕಿ ಒಂದೆಡೆ ಸೇರಿಸಿ ನೋಡಿದರು. ಆಗ ತಿಳಿದುಬಂದ ವಿಷಯ ಮನಸ್ಸನ್ನು ಕಲಕುವಂಥದು. ಬೋರಲು ಮಲಗಿಸುವುದು ಅಪಾಯಕರವೆಂದು ತೋರಿಸಲು ಸಾಕಾಗುವಷ್ಟು ಆಧಾರ 1970ರ ಹೊತ್ತಿಗೇ ಮುದ್ರಣಗೊಂಡು ಗ್ರಂಥಾಲಯಗಳಲ್ಲಿ ಕುಳಿತಿತ್ತು. ಆದರೆ ಅಂಗಾತ ಮಲಗಿಸಿರೆಂಬ ವ್ಯಾಪಕ ಪ್ರಚಾರ ಇಂಗ್ಲೆಂಡಿನಲ್ಲಿ ಆರಂಭವಾದುದು 1991ರಲ್ಲಿ. ಹಳೆಯ ವರದಿಗಳನ್ನು ಸಕಾಲದಲ್ಲಿ ಒಟ್ಟುಗೂಡಿಸಿ ಓದಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯೂರೋಪು, ಅಮೆರಿಕ, ಆಸ್ಟ್ರೇಲಿಯ ಮೊದಲಾದೆಡೆಗಳಲ್ಲಿ ಕನಿಷ್ಠ 50,000 ಶಿಶುಗಳ ಪ್ರಾಣವನ್ನು ಉಳಿಸಬಹುದಾಗಿತ್ತೆಂದು ಅವರು ಅಂದಾಜು ಮಾಡಿದರು.

ಇಲ್ಲಿ ಕೊರತೆಯಾದದ್ದು ಹೊಸ ಪ್ರಯೋಗವಲ್ಲ. ಆಗಲೇ ಆಗಿದ್ದ ಕೆಲಸವನ್ನು ಹುಡುಕಿ ಓದುವ ತಾಳ್ಮೆ. ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ಶೋಧಪ್ರಬಂಧ ಬರೆಯಹೊರಟ ವಿದ್ಯಾರ್ಥಿಗೆ ಗುರುಗಳು ಮೊದಲು ವಿಧಿಸುವ ಕೆಲಸವೂ ಇದೇ. ಅನೇಕರು ಇದನ್ನು ಮೊದಲ ಅಧ್ಯಾಯವನ್ನು ತುಂಬಿಸುವ ಶಾಸ್ತ್ರವೆಂದು ತಿಳಿದು ಬೇಗನೆ ಮುಗಿಸಿಬಿಡುತ್ತಾರೆ. ವಾಸ್ತವವಾಗಿ ಈ ಹುಡುಕಾಟಕ್ಕೂ ಒಂದು ಶಾಸ್ತ್ರವಿದೆ, ಚರಿತ್ರೆಯಿದೆ, ನಿಯಮಗಳಿವೆ. ಅವನ್ನು ನಾವು ಈ ಲೇಖನದಲ್ಲಿ ಸ್ಥೂಲವಾಗಿ ಪರಿಶೀಲಿಸೋಣ.

ಸೂಚಿಗಳ ಹುಟ್ಟು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೇ ವೈದ್ಯಕೀಯ ಪತ್ರಿಕೆಗಳ ಸಂಖ್ಯೆ ಒಬ್ಬನು ಓದಿ ಮುಗಿಸಲಾರದಷ್ಟು ಬೆಳೆದಿತ್ತು. ಅಮೆರಿಕದ ಸೈನ್ಯದ ವೈದ್ಯಕೀಯ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದ ಜಾನ್ ಷಾ ಬಿಲ್ಲಿಂಗ್ಸ್ ಎಂಬ ವೈದ್ಯನು ಇದಕ್ಕೊಂದು ಪರಿಹಾರ ಕಂಡುಕೊಂಡನು. ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ ತಿಂಗಳು ತಿಂಗಳೂ ಪಟ್ಟಿಮಾಡುವ 'ಇಂಡೆಕ್ಸ್ ಮೆಡಿಕಸ್' ಎಂಬ ಸೂಚಿಯನ್ನು 1879ರಲ್ಲಿ ಆತನು ಆರಂಭಿಸಿದನು. ಇದೇ ಸೂಚಿಯ ಕೆಲಸಕ್ಕೆ 1964ರಲ್ಲಿ ಗಣಕಯಂತ್ರ ಬಂದಿತು. 1971ರಲ್ಲಿ ದೂರದಿಂದಲೇ ತಂತಿಯ ಮೂಲಕ ಸೂಚಿಯನ್ನು ಶೋಧಿಸುವ 'ಮೆಡ್‌ಲೈನ್' ವ್ಯವಸ್ಥೆ ಬಂದಿತು. 1996ರಲ್ಲಿ 'ಪಬ್‌ಮೆಡ್' ಎಂಬ ಹೆಸರಿನಲ್ಲಿ ಅದು ಅಂತರಜಾಲಕ್ಕೆ ಇಳಿದು, ಮರುವರ್ಷ ಎಲ್ಲರಿಗೂ ಉಚಿತವಾಯಿತು. ಮುದ್ರಿತ ಸೂಚಿಯು 2004ರಲ್ಲಿ ನಿಂತುಹೋಯಿತು. ಇಂದು ಈ ಸೂಚಿಯಲ್ಲಿರುವ ಲೇಖನಗಳ ಸಂಖ್ಯೆ ಮೂರೂವರೆ ಕೋಟಿಗೂ ಮಿಗಿಲು. ಸಾಗರದಲ್ಲಿ ಮುತ್ತು ಹುಡುಕುವವನು ಎಲ್ಲಿ ಮುಳುಗಬೇಕೆಂಬುದನ್ನು ಮೊದಲು ತಿಳಿದಿರಬೇಕಷ್ಟೆ.

ಪ್ರಶ್ನೆಯನ್ನು ಬಿಡಿಸುವುದು

ಉದಾಹರಣೆಗೆ ನಮ್ಮ ನಾಡಿನದೇ ಒಂದು ವಿಷಯವನ್ನು ತೆಗೆದುಕೊಳ್ಳೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸತ್ತು ಬೀಳತೊಡಗಿದುವು. ಕಾಡಿಗೆ ಹೋಗಿಬರುತ್ತಿದ್ದ ಜನರು ವಿಷಮವಾದ ಜ್ವರಕ್ಕೆ ಗುರಿಯಾದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಪರೀಕ್ಷಿಸಿ, ಇದು ಅದುವರೆಗೆ ತಿಳಿಯದಿದ್ದ ವೈರಾಣುವಿನಿಂದ ಬರುವ, ಉಣ್ಣೆಗಳ ಕಡಿತದಿಂದ ಹರಡುವ ರೋಗವೆಂದು ತೋರಿಸಿಕೊಟ್ಟರು. ಅದೇ ನಾವು 'ಮಂಗನ ಕಾಯಿಲೆ' ಎನ್ನುವ ಕ್ಯಾಸನೂರು ಅರಣ್ಯ ರೋಗ. ಈಗ ಒಬ್ಬ ವಿದ್ಯಾರ್ಥಿನಿ ಈ ರೋಗದ ಬಗ್ಗೆ ಪ್ರಬಂಧ ಬರೆಯಲಿರುವಳೆಂದು ಭಾವಿಸೋಣ.

'ಮಂಗನ ಕಾಯಿಲೆ' ಎಂಬುದು ಒಂದು ವಿಷಯವೇ ಹೊರತು ಪ್ರಶ್ನೆಯಲ್ಲ. ವಿಷಯವನ್ನು ಹಿಡಿದು ಹುಡುಕುವವನಿಗೆ ಉಣ್ಣೆಯ ಜೀವನಚಕ್ರದಿಂದ ಹಿಡಿದು ವೈರಾಣುವಿನ ರಸಾಯನದವರೆಗೆ ಎಲ್ಲವೂ ಸಿಕ್ಕುತ್ತದೆ. ಬೇಕಾದದ್ದು ಮಾತ್ರ ಅದರಡಿಯಲ್ಲಿ ಹುದುಗಿರುತ್ತದೆ. ಆದುದರಿಂದ ಮೊದಲು ಪ್ರಶ್ನೆಯನ್ನು ರೂಪಿಸಿಕೊಳ್ಳಬೇಕು. ಯಾವ ಜನರಲ್ಲಿ? ಯಾವ ಉಪಾಯ? ಯಾವುದರೊಂದಿಗೆ ಹೋಲಿಕೆ? ಯಾವ ಫಲ? ಈ ನಾಲ್ಕು ಅಂಗಗಳಾಗಿ ಪ್ರಶ್ನೆಯನ್ನು ಒಡೆಯುವುದು ಇಂದಿನ ವೈದ್ಯಕೀಯ ಸಂಶೋಧಕರ ರೂಢಿ. ಅದರಂತೆ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಹೀಗಾಗುತ್ತದೆ: ಕಾಡಂಚಿನ ಹಳ್ಳಿಗಳ ಜನರಲ್ಲಿ, ಮಂಗನ ಕಾಯಿಲೆಯ ಲಸಿಕೆಯು, ಅದನ್ನು ಹಾಕಿಸಿಕೊಳ್ಳದವರೊಂದಿಗೆ ಹೋಲಿಸಿದಾಗ, ರೋಗವನ್ನು ಎಷ್ಟರಮಟ್ಟಿಗೆ ತಡೆಯಿತು?

ವಿಷಯವೊಂದನ್ನು ಮುಖಗಳಾಗಿ ಬಿಡಿಸಿ ನೋಡುವ ಈ ವಿಧಾನ ನಮಗೆ ಹೊಸದೇನೂ ಅಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ, ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣವು ಇದೇ ತತ್ತ್ವದ ಮೇಲೆ ನಿಂತಿದೆ. ಯಾವುದೇ ವಿಷಯವನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಲ್ಲಿ ಬಿಡಿಸಬಹುದೆಂದು ಅವರು ವಿವರಿಸಿದರು. ಓದುಗನ ಕಾಲವನ್ನು ಉಳಿಸು ಎಂಬುದು ಅವರ ಪಂಚಸೂತ್ರಗಳಲ್ಲಿ ನಾಲ್ಕನೆಯದು. ಬಿಡಿಸಿದ ಪ್ರಶ್ನೆಯೇ ಕಾಲವನ್ನು ಉಳಿಸುವ ಮೊದಲ ಉಪಾಯ.

ಹೆಸರುಗಳ ಕಾಡು

ಪ್ರಶ್ನೆಯ ಅಂಗಗಳು ಸಿದ್ಧವಾದ ಮೇಲೆ ಒಂದೊಂದು ಅಂಗಕ್ಕೂ ಇರುವ ಹೆಸರುಗಳನ್ನೆಲ್ಲ ಪಟ್ಟಿಮಾಡಬೇಕು. ಗಣಕಯಂತ್ರವು ಅಕ್ಷರವನ್ನು ಬಲ್ಲುದು, ಅರ್ಥವನ್ನು ಬಲ್ಲದು. 'ಕ್ಯಾಸನೂರು ಅರಣ್ಯ ರೋಗ' ಎಂಬ ಪೂರ್ಣನಾಮ, 'ಕೆ.ಎಫ್.ಡಿ.' ಎಂಬ ಸಂಕ್ಷೇಪ, 'ಮಂಕಿ ಫೀವರ್' ಎಂಬ ಬಳಕೆಯ ಹೆಸರು, ಇವು ಮೂರೂ ಒಂದೇ ರೋಗವೆಂಬುದು ನಮಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ವೈರಾಣುವಿನ ಕುಲನಾಮವೂ ಕಾಲಕಾಲಕ್ಕೆ ಬದಲಾಗಿದೆ. 1960ರ ದಶಕದ ಲೇಖನಗಳಲ್ಲಿ ಅದು 'ಬಿ ಗುಂಪಿನ ಆರ್ಬೋವೈರಸ್'. ಮುಂದಿನ ಕಾಲದಲ್ಲಿ ಅದೇ 'ಫ್ಲೇವಿವೈರಸ್'.

ಊರುಗಳ ಹೆಸರಿನಲ್ಲಂತೂ ನಮ್ಮವರು ಎಡವುವುದು ಸುಲಭ. 'ಕರ್ನಾಟಕ' ಎಂಬ ಪದವನ್ನು ಕಡ್ಡಾಯವಾಗಿ ಸೇರಿಸಿ ಹುಡುಕಿದರೆ ರೋಗದ ಮೊದಲ ಹದಿನಾರು ವರ್ಷಗಳ ಬರಹಗಳಲ್ಲಿ ಬಹುಪಾಲು ಕೈತಪ್ಪಿಹೋದಾವು. ಏಕೆಂದರೆ 1973ರವರೆಗೆ ನಮ್ಮ ರಾಜ್ಯದ ಹೆಸರು ಮೈಸೂರು. ಜಿಲ್ಲೆಯ ಹೆಸರನ್ನು ಇಂಗ್ಲಿಷಿನಲ್ಲಿ 'ಷಿಮೊಗ' ಎಂದು ಬರೆಯುವುದು 2014ರವರೆಗೂ ರೂಢಿಯಲ್ಲಿತ್ತು. ಇದಲ್ಲದೆ 2012ರಿಂದೀಚೆಗೆ ರೋಗವು ಬಂಡೀಪುರದ ಕಡೆಗೂ, ಕೇರಳ, ತಮಿಳುನಾಡು, ಗೋವ, ಮಹಾರಾಷ್ಟ್ರಗಳಿಗೂ ಕಾಲಿಟ್ಟಿದೆ. ಸ್ಥಳದ ಬೇಲಿಯನ್ನು ಬಿಗಿಯಾಗಿ ಹಾಕಿದಷ್ಟೂ ಒಳಗೆ ಬರಬೇಕಾದದ್ದು ಹೊರಗುಳಿಯುತ್ತದೆ.

ಈ ಹೆಸರುಗಳ ಗೊಂದಲಕ್ಕೆ ಸೂಚಿಯನ್ನು ಸಿದ್ಧಪಡಿಸುವವರೇ ಒಂದು ಮದ್ದು ಕಂಡುಹಿಡಿದಿದ್ದಾರೆ. 1960ರಿಂದ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 'ಮೆಷ್' ಎಂಬ ವಿಷಯಶೀರ್ಷಿಕೆಗಳ ಪಟ್ಟಿಯೊಂದನ್ನು ಪ್ರಕಟಿಸುತ್ತ ಬಂದಿದೆ. ಲೇಖಕನು ಯಾವ ಹೆಸರನ್ನೇ ಬಳಸಿರಲಿ, ಸೂಚೀಕಾರರು ಲೇಖನಕ್ಕೆ ಪಟ್ಟಿಯಲ್ಲಿರುವ ಒಂದೇ ಶೀರ್ಷಿಕೆಯನ್ನು ಅಂಟಿಸುತ್ತಾರೆ. ಆದರೆ ಹೊಚ್ಚಹೊಸ ಲೇಖನಗಳಿಗೆ ಶೀರ್ಷಿಕೆ ಬೀಳಲು ತಡವಾಗಬಹುದು. ಕೆಲವಕ್ಕೆ ಬೀಳದೆಯೂ ಇರಬಹುದು. ಆದ್ದರಿಂದ ಶೀರ್ಷಿಕೆ ಮತ್ತು ಸ್ವತಂತ್ರ ಪದ ಇವೆರಡನ್ನೂ ಬಳಸುವುದೇ ಜಾಣತನ.

ಮೂರು ಪುಟ್ಟ ಪದಗಳು

ಪದಗಳನ್ನು ಹೆಣೆಯುವ ಸೂತ್ರವನ್ನು ನಮಗೆ ಕೊಟ್ಟವನು ಜಾರ್ಜ್ ಬೂಲ್ ಎಂಬ ಇಂಗ್ಲಿಷ್ ಗಣಿತಜ್ಞ. ಆಲೋಚನೆಯ ನಿಯಮಗಳನ್ನು ಬೀಜಗಣಿತದಂತೆ ಬರೆಯಬಹುದೆಂದು ಆತನು 1854ರ ತನ್ನ ಗ್ರಂಥದಲ್ಲಿ ತೋರಿಸಿದನು. ಇಂದಿನ ಸೂಚಿಗಳಲ್ಲಿ ಅದು 'ಆಂಡ್', 'ಆರ್', 'ನಾಟ್' ಎಂಬ ಮೂರು ಪದಗಳಾಗಿ ನಿಂತಿದೆ.

ಒಂದೇ ಅರ್ಥದ ಹೆಸರುಗಳ ನಡುವೆ 'ಆರ್' ಹಾಕಬೇಕು. ಆಗ ಯಾವುದೊಂದು ಹೆಸರಿದ್ದರೂ ಲೇಖನ ದೊರೆಯುತ್ತದೆ. ಬೇರೆ ಬೇರೆ ಅಂಗಗಳ ನಡುವೆ 'ಆಂಡ್' ಹಾಕಬೇಕು. ಆಗ ಎಲ್ಲ ಅಂಗಗಳೂ ಕೂಡಿರುವ ಲೇಖನ ಮಾತ್ರ ಉಳಿಯುತ್ತದೆ. ಅಂದರೆ ರೋಗದ ಹೆಸರುಗಳೆಲ್ಲ 'ಆರ್'ನಿಂದ ಜೋಡಿಸಿದ ಒಂದು ಕಟ್ಟು. ಲಸಿಕೆ, ಚುಚ್ಚುಮದ್ದು, ರೋಗನಿರೋಧ ಎಂಬ ಪದಗಳು ಇನ್ನೊಂದು ಕಟ್ಟು. ಎರಡು ಕಟ್ಟುಗಳ ನಡುವೆ ಒಂದೇ 'ಆಂಡ್'. 'ನಾಟ್' ಎಂಬುದು ಮಾತ್ರ ಹರಿತವಾದ ಕತ್ತಿ. 'ಮಂಗಗಳು' ಬೇಡವೆಂದು 'ನಾಟ್' ಹಾಕಿದರೆ, ಮಂಗಗಳನ್ನೂ ಮನುಷ್ಯರನ್ನೂ ಒಟ್ಟಿಗೆ ಪರಿಶೀಲಿಸಿದ ಲೇಖನವೂ ಕತ್ತರಿಸಿಹೋಗುತ್ತದೆ. ಅದನ್ನು ಆದಷ್ಟು ಒರೆಯಲ್ಲಿಯೇ ಇಡುವುದು ಲೇಸು.

ಬಲೆಯ ಕಣ್ಣು

ಇಷ್ಟೆಲ್ಲ ಮಾಡಿದ ಮೇಲೆ ದೊರೆತ ಪಟ್ಟಿ ಚಿಕ್ಕದಾಗಿದ್ದರೆ ಒಳ್ಳೆಯದೋ, ದೊಡ್ಡದಾಗಿದ್ದರೆ ಒಳ್ಳೆಯದೋ? ಇದನ್ನು ಅಳೆಯಲು ಎರಡು ಮಾನಗಳಿವೆ. ಇರುವ ಪ್ರಸ್ತುತ ಲೇಖನಗಳಲ್ಲಿ ಎಷ್ಟು ಪಾಲು ನಮಗೆ ಸಿಕ್ಕಿತು ಎಂಬುದು 'ಪೂರ್ಣತೆ'. ಸಿಕ್ಕಿದ ಲೇಖನಗಳಲ್ಲಿ ಎಷ್ಟು ಪಾಲು ಪ್ರಸ್ತುತ ಎಂಬುದು 'ನಿಖರತೆ'.

ಲೆಕ್ಕಕ್ಕಾಗಿ, ನಮಗೆ ಬೇಕಾದ ಲೇಖನಗಳು ಒಟ್ಟು 40 ಇವೆಯೆಂದು ಕಲ್ಪಿಸಿಕೊಳ್ಳೋಣ. ಬಿಗಿಯಾದ ಹುಡುಕಾಟವೊಂದು 50 ಲೇಖನಗಳನ್ನು ತಂದಿತು. ಅವುಗಳಲ್ಲಿ 30 ಬೇಕಾದುವು. ಆಗ ನಿಖರತೆ ನೂರಕ್ಕೆ 60. ಪೂರ್ಣತೆ ನೂರಕ್ಕೆ 75. ಸಡಿಲವಾದ ಇನ್ನೊಂದು ಹುಡುಕಾಟವು 400 ಲೇಖನಗಳನ್ನು ತಂದಿತು. ಅವುಗಳಲ್ಲಿ 38 ಬೇಕಾದುವು. ನಿಖರತೆ ನೂರಕ್ಕೆ ಒಂಬತ್ತೂವರೆಗೆ ಕುಸಿಯಿತು. ಪೂರ್ಣತೆಯಾದರೋ 95ಕ್ಕೆ ಏರಿತು. ಮೀನುಗಾರನ ಬಲೆಯಂತೆಯೇ ಇದು. ಕಣ್ಣು ಸಣ್ಣದಾದರೆ ಕಸವೂ ಬರುತ್ತದೆ, ಮೀನೂ ತಪ್ಪುವುದಿಲ್ಲ.

ಪರೀಕ್ಷೆಗೆ ಓದುವವನಿಗೆ ಮೊದಲನೆಯ ಬಲೆ ಸಾಕು. ಆದರೆ ಜನರ ಆರೋಗ್ಯದ ಬಗ್ಗೆ ತೀರ್ಮಾನ ಹೇಳಹೊರಟವನು ಎರಡನೆಯದನ್ನೇ ಆರಿಸಬೇಕು. ಬೇಡದ 362 ಲೇಖನಗಳ ತಲೆಬರಹ ನೋಡಿ ಬದಿಗಿಡಲು ಕೆಲವು ಗಂಟೆಗಳು ಸಾಕು. ತಪ್ಪಿಹೋದ ಹತ್ತು ಲೇಖನಗಳಲ್ಲಿಯೇ ವಿರುದ್ಧವಾದ ಸಾಕ್ಷ್ಯವಿದ್ದರೆ ಪ್ರಬಂಧದ ತೀರ್ಮಾನವೇ ತಲೆಕೆಳಗಾದೀತು.

ಸೂಚಿಗೂ ಗಡಿಯುಂಟು

ಸೂಚಿಯಲ್ಲಿ ಸಿಕ್ಕದ್ದು ಲೋಕದಲ್ಲಿಯೇ ಇಲ್ಲ ಎಂದು ಭಾವಿಸುವುದು ದೊಡ್ಡ ತಪ್ಪು. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಉಬ್ಬಸ ರೋಗದ ಬಗ್ಗೆ ನಡೆಯುತ್ತಿದ್ದ ಪ್ರಯೋಗವೊಂದರಲ್ಲಿ, ಆರೋಗ್ಯವಂತರಾದ ಸ್ವಯಂಸೇವಕರಿಗೆ ಹೆಕ್ಸಾಮೆಥೋನಿಯಂ ಎಂಬ ವಸ್ತುವನ್ನು ಉಸಿರಿನೊಂದಿಗೆ ಒಳಗೆಳೆದುಕೊಳ್ಳಲು ಕೊಡಲಾಯಿತು. 24 ವರ್ಷದ ಯುವತಿಯೊಬ್ಬಳ ಶ್ವಾಸಕೋಶಗಳು ಕೆಟ್ಟು ಆಕೆ ಮರಣಹೊಂದಿದಳು. ಪ್ರಯೋಗಕ್ಕೆ ಮುನ್ನ ಸಂಶೋಧಕರು ಪಬ್‌ಮೆಡ್ಡಿನಲ್ಲಿ ಹುಡುಕಿದ್ದುದು ನಿಜ. ಆದರೆ ಆಗ ಆ ಸೂಚಿ 1966ಕ್ಕಿಂತ ಹಿಂದಕ್ಕೆ ಹೋಗುತ್ತಿರಲಿಲ್ಲ. ರಕ್ತದೊತ್ತಡಕ್ಕಾಗಿ ಈ ಔಷಧವನ್ನು ಕೊಡುತ್ತಿದ್ದ 1950ರ ದಶಕದಲ್ಲಿಯೇ, ಅದರಿಂದ ಶ್ವಾಸಕೋಶಗಳಿಗೆ ಹಾನಿಯುಂಟಾಗಬಹುದೆಂಬ ವರದಿಗಳು ಪ್ರಕಟವಾಗಿದ್ದುವು. ಅವು ಮುದ್ರಿತ ಸಂಪುಟಗಳಲ್ಲಿದ್ದುವು. ಪರದೆಯ ಮೇಲೆ ಇರಲಿಲ್ಲ.

ಈ ಗಡಿಯನ್ನು ದಾಟಲು ಒಂದು ಸರಳೋಪಾಯವಿದೆ. ಕೈಗೆ ಬಂದ ಒಳ್ಳೆಯ ಲೇಖನದ ಕೊನೆಯಲ್ಲಿರುವ ಆಧಾರಪಟ್ಟಿಯನ್ನು ಹಿಡಿದು ಹಿಂದಕ್ಕೆ ನಡೆಯುವುದು. ಅದೇ ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರೆಂದು ನೋಡುತ್ತ ಮುಂದಕ್ಕೂ ನಡೆಯಬಹುದು. ಯೂಜೀನ್ ಗಾರ್ಫೀಲ್ಡ್ ಎಂಬವರು 1964ರಲ್ಲಿ ಆರಂಭಿಸಿದ ಉಲ್ಲೇಖಸೂಚಿಯಿಂದ ಇದು ಸಾಧ್ಯವಾಯಿತು. ಇಂದು 'ಗೂಗಲ್ ಸ್ಕಾಲರ್' ಇದನ್ನು ಉಚಿತವಾಗಿ ಮಾಡಿಕೊಡುತ್ತದೆ. ಭಾರತದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳನ್ನು 'ಶೋಧಗಂಗಾ' ಭಂಡಾರದಲ್ಲಿ ಕಾಣಬಹುದು. ಸರ್ಕಾರದ ವರದಿಗಳು, ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯ ದಾಖಲೆಗಳು ಯಾವ ಸೂಚಿಗೂ ಸೇರದಿರಬಹುದು. ಅವನ್ನು ಕೇಳಿ ಪಡೆಯಬೇಕು. ಗುಣ ಕಂಡ ಪ್ರಯೋಗ ಬೇಗ ಅಚ್ಚಾಗುತ್ತದೆ, ಗುಣ ಕಾಣದ ಪ್ರಯೋಗ ಮೇಜಿನ ಅರೆಯಲ್ಲಿ ಉಳಿಯುತ್ತದೆ ಎಂಬುದನ್ನೂ ಮರೆಯಲಾಗದು.

ಸಿಕ್ಕಿದ್ದನ್ನು ತೂಗುವುದು

ನಮ್ಮ ವಿದ್ಯಾರ್ಥಿನಿಯ ಹುಡುಕಾಟದ ಫಲವನ್ನು ಈಗ ನೋಡೋಣ. ಮೊದಮೊದಲು, ಇದಕ್ಕೆ ಹತ್ತಿರದ ನಂಟುಳ್ಳ ರಷ್ಯದ ಮಿದುಳುಜ್ವರದ ವೈರಾಣುವಿನಿಂದ ತಯಾರಿಸಿದ ಲಸಿಕೆಯನ್ನು ಮಲೆನಾಡಿನಲ್ಲಿ ಪ್ರಯೋಗಿಸಿದರು. ಅದು ಫಲ ಕೊಡಲಿಲ್ಲ. ಅನಂತರ ಕ್ಯಾಸನೂರು ವೈರಾಣುವನ್ನೇ ಅಂಗಾಂಶ ಕೃಷಿಯಲ್ಲಿ ಬೆಳೆಸಿ, ಫಾರ್ಮಲಿನ್ನಿನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಬಂದಿತು. 1994ರಲ್ಲಿ ಪ್ರಕಟವಾದ ಕ್ಷೇತ್ರ ಪರೀಕ್ಷೆಯ ವರದಿಯೊಂದು, ಈ ಲಸಿಕೆಯನ್ನು ಎರಡು ಸಲ ಹಾಕಿಸಿಕೊಂಡವರಲ್ಲಿ ನೂರಕ್ಕೆ 93.5ರಷ್ಟು ರಕ್ಷಣೆಯಿತ್ತೆಂದು ಹೇಳುತ್ತದೆ. ಇಲ್ಲಿಗೇ ನಿಂತವರು ನಿಶ್ಚಿಂತರಾಗಿ ನಿದ್ದೆಮಾಡಬಹುದು.

ಆದರೆ ಮುಂದಕ್ಕೆ ನಡೆದವರಿಗೆ 2013ರ ಇನ್ನೊಂದು ಲೇಖನ ಸಿಕ್ಕುತ್ತದೆ. 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಆ ಲೇಖನದ ಪ್ರಕಾರ ಎರಡು ಸಲ ಲಸಿಕೆ ಪಡೆದವರಲ್ಲಿ ರಕ್ಷಣೆ ನೂರಕ್ಕೆ 62.4 ಮಾತ್ರ, ಬಲವರ್ಧನೆಗಾಗಿ ಮತ್ತೆಯೂ ಹಾಕಿಸಿಕೊಂಡವರಲ್ಲಿ 82.9. ಎರಡರಲ್ಲಿ ಯಾವುದು ಸರಿ? ಹೀಗೆ ಕೇಳುವುದೇ ಅವಸರ. ಎರಡು ಕಾಲಗಳಲ್ಲಿ ಲಸಿಕೆಯ ಸತ್ತ್ವ ಒಂದೇ ಆಗಿತ್ತೇ? ಲಸಿಕೆ ಪಡೆದವರೂ ಪಡೆಯದವರೂ ಒಂದೇ ಬಗೆಯಾಗಿ ಕಾಡಿಗೆ ಹೋಗುವವರೇ? ರೋಗವನ್ನು ಯಾವ ಪರೀಕ್ಷೆಯಿಂದ ನಿಶ್ಚಯಿಸಿದರು? ಈ ಪ್ರಶ್ನೆಗಳನ್ನು ಎರಡು ಲೇಖನಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡವನು ಮಾತ್ರ ಕೇಳಬಲ್ಲನು. ಮುಂದೆ ಈ ಹಳೆಯ ಲಸಿಕೆಯ ಬಳಕೆಯೇ ನಿಂತುಹೋಯಿತು. ಸೌದೆಗೆಂದು, ಸೊಪ್ಪಿಗೆಂದು ಕಾಡಿಗೆ ಹೋಗುವವರಿಗೆ ಈ ಅಂಕೆಗಳು ಬರಿಯ ಅಂಕೆಗಳಲ್ಲ. ಲಸಿಕೆಯನ್ನು ನಂಬಿ ಉಣ್ಣೆಯ ಎಚ್ಚರಿಕೆಯನ್ನು ಕೈಬಿಡಬಹುದೇ ಎಂಬುದು ಇವುಗಳ ಮೇಲೆಯೇ ನಿಂತಿತ್ತು.

ಲೇಖನವು ಇಂದಿಗೂ ಊರ್ಜಿತದಲ್ಲಿದೆಯೇ ಎಂದು ನೋಡುವುದೂ ಅವಶ್ಯ. ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಕೊಡುವ ಲಸಿಕೆಗೂ ಆಟಿಸಂಗೂ ಸಂಬಂಧವನ್ನು ಸೂಚಿಸಿದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಇನ್ನು, ಕೇಳಿದೊಡನೆ ಉತ್ತರ ಬರೆದುಕೊಡುವ ಇಂದಿನ ಕೃತಕ ಬುದ್ಧಿಯ ಯಂತ್ರಗಳು ಇಲ್ಲದ ಲೇಖನಗಳ ಹೆಸರನ್ನು ಇರುವಂತೆಯೇ ಹೇಳಿಬಿಡುವುದುಂಟು. ಕಣ್ಣಾರೆ ಕಂಡು ಓದದ ಲೇಖನವನ್ನು ಪ್ರಬಂಧದಲ್ಲಿ ಹೆಸರಿಸಕೂಡದೆಂಬ ಹಳೆಯ ನಿಯಮ ಈಗ ಇಮ್ಮಡಿ ಅಗತ್ಯವಾಗಿದೆ.

ಹುಡುಕಾಟದ ದಿನಚರಿ

ಕೊನೆಯದಾಗಿ, ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವನು ದಿನಚರಿ ಬರೆಯುವಂತೆ ಹುಡುಕುವವನೂ ಬರೆಯಬೇಕು. ಯಾವ ಸೂಚಿ, ಯಾವ ದಿನ, ಯಾವ ಪದಗಳು, ಸಿಕ್ಕ ಲೇಖನಗಳೆಷ್ಟು, ಬಿಟ್ಟವೆಷ್ಟು, ಬಿಟ್ಟುದೇಕೆ, ಇವೆಲ್ಲ ಅದರಲ್ಲಿರಬೇಕು. 2009ರಲ್ಲಿ ಪ್ರಕಟವಾಗಿ 2020ರಲ್ಲಿ ಪರಿಷ್ಕೃತವಾದ 'ಪ್ರಿಸ್ಮಾ' ಎಂಬ ನಿಯಮಾವಳಿ ಕೇಳುವುದೂ ಇಷ್ಟನ್ನೇ. ಇನ್ನೊಬ್ಬನು ಅದೇ ದಾರಿಯಲ್ಲಿ ನಡೆದರೆ ಅದೇ ಸ್ಥಳವನ್ನು ಮುಟ್ಟಬೇಕು. ವಿಜ್ಞಾನವೆನ್ನುವುದು ಅದನ್ನೇ ಅಲ್ಲವೆ?

ಹುಡುಕಾಟವನ್ನು ಎಲ್ಲಿ ನಿಲ್ಲಿಸಬೇಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಹೊಸ ಸೂಚಿಯಲ್ಲಿ ಹುಡುಕಿದರೂ, ಹೊಸ ಆಧಾರಪಟ್ಟಿಯನ್ನು ಹಿಡಿದರೂ ಆಗಲೇ ಕಂಡ ಲೇಖನಗಳೇ ಮತ್ತೆ ಮತ್ತೆ ಎದುರಾಗತೊಡಗಿದಾಗ ನಿಲ್ಲಿಸಬಹುದು. ಅಲ್ಲಿಯವರೆಗೆ ನಡೆಯುತ್ತಲೇ ಇರಬೇಕು. 1970ರಲ್ಲಿಯೇ ಅಚ್ಚಾಗಿದ್ದ ಸತ್ಯವೊಂದು ತಾಯಂದಿರ ಕಿವಿಗೆ ಬೀಳಲು ಎರಡು ದಶಕಗಳು ಹಿಡಿದುವು. ಇಂದು ನಮ್ಮ ಗ್ರಂಥಾಲಯಗಳಲ್ಲಿ ಓದುವವರಿಗಾಗಿ ಕಾಯುತ್ತಿರುವ ಸತ್ಯಗಳು ಇನ್ನೆಷ್ಟಿವೆಯೋ. ಅವನ್ನು ಎತ್ತಿ ಓದುವವರು ಇಂದಿನ ವಿದ್ಯಾರ್ಥಿಗಳೇ.